ಇನ್ನೂ ಬಾರದ ತಾರೀಖುಗಳು

ಬಚ್ಚಲುಮನೆಯ ಬಾಗಿಲನ್ನು ಕೀಲಿನಿಂದ ಬಿಡಿಸಿ ಗೋಡೆಗೆ ಒರಗಿಸಿದ ಬಡಗಿ, ಅದರ ನೆತ್ತಿಯ ಧೂಳನ್ನು ಉಫ್ ಎಂದು ಊದಿ, ಹಾಗೇ ನಿಂತುಬಿಟ್ಟ.

"ಮೇಡಂ, ಮುಂಚೆ ಯಾವಾಗಾದ್ರೂ ನನ್ನ ಈ ಮನೆಗೆ ಕರೆಸಿದ್ರಾ?"

"ಇಲ್ಲವಲ್ಲ. ನಿಮ್ಮ ನಂಬರ್ ಸಿಕ್ಕಿದ್ದೇ ನಿನ್ನೆ."

"ಮತ್ತೆ ಇದು ನನ್ನ ಅಕ್ಷರ."

ಅವಳು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ನಾಳೆ ಬೆಳಿಗ್ಗೆ ಸಾಮಾನು ಒಯ್ಯಲು ಅಕ್ಕ ಕಳಿಸುವ ಲಾರಿ ಬರಲಿತ್ತು. ಅಷ್ಟರೊಳಗೆ ಸರಿಮಾಡಿಸಿ ಕೊಡಬೇಕಾದ್ದನ್ನೆಲ್ಲ ಮನೆ ಮಾಲೀಕರು ಚೀಟಿಯಲ್ಲಿ ಬರೆದಿದ್ದರು: ಬಚ್ಚಲ ಬಾಗಿಲು, ಅಡುಗೆಮನೆ ಡ್ರಾಯರ್, ಕಪಾಟಿನ ಕೀಲು. ಆರು ವರ್ಷ ಅವಳೊಬ್ಬಳೇ ಇದ್ದ ಮನೆ. ಮೂವತ್ತೆಂಟಾಯ್ತು, ಒಂಟಿ ಗೂಬೆ ಥರ ಅಲ್ಲೇ ಯಾಕೆ ಕೂತಿರ್ತೀಯ, ನಮ್ಮ ಜೊತೆ ಬಂದಿರು ಎಂದು ಅಕ್ಕ ವರ್ಷದಿಂದ ತಲೆ ತಿಂದು ಹೂಂ ಅನ್ನಿಸಿದ್ದಳು. ಅಕ್ಕನ ಮಾತಿಗಿಂತ ಹೆಚ್ಚಾಗಿ ಅವಳನ್ನು ಸೋಲಿಸಿದ್ದು ಸಂಜೆಗಳು. ಬೀಗ ತೆಗೆದು, ಕತ್ತಲ ಕೋಣೆಗೆ ಕಾಲಿಟ್ಟು, ಸ್ವಿಚ್ಚಿಗೆ ಕೈ ಚಾಚುವ ಆ ಒಂದು ಗಳಿಗೆಯನ್ನು ಅವಳು ಇನ್ನು ತಡೆಯಲಾರದವಳಾಗಿದ್ದಳು.

ಬಡಗಿ ಕಣ್ಣು ಕಿರಿದು ಮಾಡಿಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದ.

"ಇನ್ನೊಂದು ಹೆಜ್ಜೆ ಇಟ್ರೆ ಬಕೆಟ್‌ಗೆ ಬೀಳ್ತೀರಿ," ಎಂದಳು. "ನಿಮಗೆ ಪ್ಲಸ್ ಒಂದೂವರೆ ಬೇಕು."

"ಅಂದ್ರೆ?"

"ಕನ್ನಡಕ ಸ್ವಾಮಿ. ಕನ್ನಡಕದ ಅಂಗಡೀಲಿ ಕಣ್ಣು ಪರೀಕ್ಷೆ ಮಾಡೋಳು ನಾನು. ಸರೀರಿ, ನಾನೇ ಓದ್ತೀನಿ."

ಪೆನ್ಸಿಲಿನ ಇರುವೆ ಸಾಲಿನಂಥ ಅಕ್ಷರ. 'ಮಳೆಗಾಲಕ್ಕೆ ಹಿಗ್ಗುತ್ತೆ. ಜಾಸ್ತಿ ಕೀಸಬೇಡ.' ಕೆಳಗೆ ತಾರೀಖು. ಅದರಡಿ ಪುಟ್ಟ ಮೀನಿನ ಆಕಾರದ ಗೆರೆ.

ಓದಲಾಗದಿದ್ದರೂ ಆ ಮೀನು ತನ್ನದೇ ಎಂದ. ಕೆಲಸ ಕಲಿಸಿದ ಸೋದರಮಾವ ಹಾಕಿಕೊಟ್ಟ ಅಭ್ಯಾಸವಂತೆ: ಮರ ಬಿಚ್ಚಿದ ಮೇಲೆ, ಯಾರ ಕಣ್ಣಿಗೂ ಬೀಳದ ಕಡೆ, ಮುಂದೆ ಬಿಚ್ಚುವವನಿಗೆ ಒಂದು ಮಾತು ಬರೆದಿಡಬೇಕು.

"ತಾರೀಖು ಯಾವಾಗಿನದು?"

ಅವಳು ಎರಡು ಸಲ ನೋಡಿದಳು. "ಮೂರು ವರ್ಷ."

"ಮೂರು ವರ್ಷದ ಹಿಂದಿಂದಾ?"

"ಅಲ್ಲ. ಮುಂದಿಂದು."

ಇಬ್ಬರೂ ನಕ್ಕರು, ನಗು ಬೇಗ ಮುಗಿಯಿತು. ಬಚ್ಚಲ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಹೆಬ್ಬೆರಳಿನಿಂದ ಉಜ್ಜಿದರೂ ಅಕ್ಷರ ಮಾಸಲಿಲ್ಲ. ಗೆರೆಗಳ ಒಳಗೆ ಕೂತ ಧೂಳು ಎಷ್ಟೋ ಮಳೆ ಕಂಡಂತೆ ಗಟ್ಟಿಯಾಗಿತ್ತು. ಬಡಗಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಚೂರು ಹಲಗೆಯ ಮೇಲೆ ಅದೇ ಸಾಲು ಬರೆದ. ಎರಡೂ ಒಂದೇ ಕೈ.

"ಡ್ರಾಯರ್ ನೋಡೋಣ," ಎಂದಳು ಅವಳು, ಬೇಡ ಎನ್ನುವ ದನಿಯಲ್ಲಿ.

ಡ್ರಾಯರನ್ನು ಬೋರಲು ಹಾಕಿದರೆ ಅಲ್ಲೂ ಮೀನು. ಬರುವ ವರ್ಷದ ತಾರೀಖು. ಅವಳು ಓದಲು ಶುರುಮಾಡಿ ನಿಲ್ಲಿಸಿದಳು.

"ಓದಿ ಮೇಡಂ."

"'ಅವಳು ಕೋಪ ಬಂದಾಗೆಲ್ಲ ಇದನ್ನೇ ಎಳೀತಾಳೆ. ಡಬಲ್ ಮೊಳೆ ಹೊಡೆದಿದೀನಿ.'"

ಬಡಗಿಯ ಕಿವಿ ಕೆಂಪಾಯಿತು. "ನಾನು ಹಾಗೆಲ್ಲ ಬರೆಯೋನಲ್ಲ. ಬೇರೆಯವರ ಮನೆ ಹೆಂಗಸರನ್ನ ಅವಳು ಇವಳು ಅನ್ನಲ್ಲ."

"ಬೇರೆಯವರ ಮನೆ ಅಂತ ಅನಿಸಿಲ್ಲವೇನೋ," ಎಂದಳು. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದಳು.

"ಕೋಪ ಬಂದ್ರೆ ಎಳೀತೀರಾ, ನಿಜವಾಗ್ಲೂ?"

"ಮತ್ತೆ? ಎಳೆದೂ ಎಳೆದೂ ತಾನೇ ಮುರಿದಿರೋದು."

ಕಪಾಟಿಗೆ ಹೊಸ ಕೀಲು ತರಬೇಕಿತ್ತು. ಮನೆಯೊಳಗೆ ಒಬ್ಬಳೇ ಉಳಿಯಲು ಮನಸ್ಸಿಲ್ಲದೆ ಅವಳೂ ಹೊರಟಳು. ಹಾರ್ಡ್‌ವೇರ್ ಅಂಗಡಿಯಲ್ಲಿ ಅವನು ಹತ್ತು ಕೀಲುಗಳನ್ನು ಕಿವಿಯ ಹತ್ತಿರ ಹಿಡಿದು ಮಡಚಿ ಬಿಡಿಸಿ, ಸದ್ದಿಲ್ಲದ ಎರಡನ್ನು ಆರಿಸಿದ. ಮೂಲೆಯ ಅಂಗಡಿಯಲ್ಲಿ ನಿಂತು ಕಾಫಿ ಕುಡಿದರು. ಹಗಲು ಬೆಳಕಿನಲ್ಲಿ ಎಲ್ಲ ಸುಳ್ಳೆನಿಸಿತು.

"ಎದುರಿನ ಬೋರ್ಡು ಓದಿ," ಎಂದಳು.

ಗಡಗಡ ಓದಿದ. "ದೂರದ್ದೆಲ್ಲ ಸ್ಪಷ್ಟ."

"ಹತ್ತಿರದ್ದು?"

ಅವನು ತಿರುಗಿ ಅವಳ ಮುಖ ನೋಡಿದ. ಹಣೆ, ಕಣ್ಣು, ತುಟಿಯ ಅಂಚಿನ ಕಾಫಿ ನೊರೆ. "ಸ್ವಲ್ಪ ಮಸುಕು. ಅದಕ್ಕೇ ಇಷ್ಟು ಹೊತ್ತು ನೋಡಬೇಕಾಯ್ತು."

ಅವಳು ತುಟಿ ಒರೆಸಿಕೊಂಡಳು. ನಗು ಮಾತ್ರ ಅಲ್ಲೇ ಉಳಿಯಿತು.

ವಾಪಸು ಬಂದು ಬೀಗ ತೆಗೆದಾಗ ಒಳಗಿನಿಂದ ಮರದ ಹೊಟ್ಟಿನ ಬೆಚ್ಚನೆ ವಾಸನೆ ಬಂತು. ಬೆಳಿಗ್ಗೆ ಅವನು ಒಂದು ಸಿಬಿರನ್ನೂ ಕೀಸಿರಲಿಲ್ಲ. ಬಹಳ ದಿನಗಳಿಂದ ಯಾರೋ ಕೆಲಸ ಮಾಡಿಕೊಂಡೇ ಇದ್ದ ಮನೆಯ ವಾಸನೆ ಅದು. ಇಬ್ಬರೂ ಹೊಸ್ತಿಲಲ್ಲಿ ನಿಂತರು. ಮೊದಲು ಒಳಗೆ ಹೋದವನು ಅವನು.

ಕಪಾಟಿನ ಬಾಗಿಲು ಬಿಚ್ಚಿದ. ಕೀಲಿನ ಜಾಗದಲ್ಲಿ ತುಂಬ ಬರಹವಿತ್ತು. ಅವಳು ಮೊಬೈಲಿನ ಟಾರ್ಚ್ ಹಾಕಿ, ತಲೆ ಒಳಗೆ ತೂರಿಸಿ ಓದಿದಳು. ಐದು ವರ್ಷ ಮುಂದಿನದು: 'ಅವಳ ಸೀರೆ ಸಿಕ್ಕಿ ಹರಿಯಿತು. ಬೈಸಿಕೊಂಡೆ.' ಎಂಟನೆಯ ವರ್ಷದ್ದು: 'ನನ್ನ ಕನ್ನಡಕ ಬದಲಾಯಿಸಿದಳು. ಈಗ ಮೊಳೆ ಕಾಣುತ್ತೆ.' ಹನ್ನೊಂದನೆಯ ವರ್ಷದ್ದರ ಅಕ್ಷರ ಅಲುಗಿತ್ತು: 'ಕೈ ನಡುಗುತ್ತೆ. ಅವಳು ಸ್ಟೂಲ್ ಹಿಡ್ಕೊಂಡು ನಿಂತಿದಾಳೆ. ಬೀಳಲ್ಲ.'

ಆಮೇಲೆ ಮೀನು ಇರಲಿಲ್ಲ. ಅದರಡಿ ಇನ್ನೊಂದು ಸಾಲಿತ್ತು, ಅದಾದ ಒಂದು ವರ್ಷಕ್ಕೆ ಬರೆದದ್ದು. ಬೇರೆ ಕೈ. ದಿನವೂ ಅಂಗಡಿಯ ಚೀಟಿಗಳಲ್ಲಿ ಕಣ್ಣಿನ ನಂಬರು ಬರೆಯುವ ಕೈ, ಅವಳದೇ. 'ಕೀಲು ಮತ್ತೆ ಸಡಿಲ. ಯಾರನ್ನೂ ಕರೆಸಲ್ಲ.'

ಟಾರ್ಚ್ ಆರಿಸಿದಳು. ಕಪಾಟಿನೊಳಗಿನ ಕತ್ತಲು ಅವಳ ಮುಖಕ್ಕೆ ತಾಗಿಕೊಂಡೇ ಇತ್ತು. ಅವಳು ಯಾವ ಒಂಟಿ ಸಂಜೆಗೆ ಹೆದರಿ ಓಡಿಹೋಗಲು ಹೊರಟಿದ್ದಳೋ ಅದು ಇಲ್ಲೂ ಇತ್ತು. ಲಾರಿ ಹತ್ತಿದರೆ ಇದು ಯಾವುದೂ ಇಲ್ಲ. ಹತ್ತದಿದ್ದರೆ ಕೊನೆಗೆ ಇದೇ.

"ಏನಿತ್ತು?" ಹೊರಗಿನಿಂದ ಅವನು ಕೇಳಿದ.

"ಹೇಳ್ತೀನಿ."

ಫೋನ್ ಬಡಿದುಕೊಂಡಿತು. ಅಕ್ಕ.

"ಏನೇ, ಇನ್ನೂ ಮುಗೀಲಿಲ್ವಾ ರಿಪೇರಿ? ಆ ಬಡಗಿ ಏನು ಅರಮನೆ ಕಟ್ತಿದಾನಾ? ಲಾರಿಯವನು ಆರು ಗಂಟೆಗೇ ಬರ್ತಾನಂತೆ."

ಅವಳು ಹೊರಗೆ ಬಂದಳು. ಬಡಗಿ ಸ್ಟೂಲಿನ ಮೇಲೆ ಕೂತು, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು ಅವಳನ್ನೇ ನೋಡುತ್ತಿದ್ದ. ಬಲಗೈ ಮೊಣಕಾಲ ಮೇಲೆ ಸ್ಥಿರವಾಗಿತ್ತು. ಅವಳು ಆ ಕೈಯನ್ನೇ ನೋಡಿದಳು.

"ಅಕ್ಕಾ, ಲಾರಿ ಬೇಡ ಅಂದುಬಿಡು."

"ಹುಚ್ಚು ಹಿಡೀತಾ? ಎಷ್ಟು ದಿನ ಆಗುತ್ತಂತೆ ಕೆಲಸ?"

"ಹನ್ನೊಂದು ವರ್ಷ."

ಅಕ್ಕ ಕೂಗಾಡುತ್ತಿದ್ದಂತೆ ಫೋನ್ ಇಟ್ಟಳು. ಬಡಗಿ ಬಾಯಿಂದ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ಹನ್ನೊಂದೇನಾ? ಅದರಾಚೆ ನನ್ನ ಮೀನಿಲ್ವಾ?"

"ಹನ್ನೊಂದೇ."

"ಆಮೇಲೆ ನೀವು?"

"ಇಲ್ಲೇ ಇರ್ತೀನಿ."

ಅವನು ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡ. "ಬೇಡ ಮೇಡಂ," ಎಂದ ಮೆಲ್ಲಗೆ. "ನಿಮ್ಮನ್ನ ಒಬ್ಬರನ್ನೇ ಬಿಟ್ಟುಹೋಗೋನು ಅಂತ ಗೊತ್ತಿದ್ದೂ ಹೇಗೆ ಬರಲಿ?"

"ಒಬ್ಬಳೇ ಇರೋದು ನನಗೆ ಬರುತ್ತೆ. ಆರು ವರ್ಷ ಅಭ್ಯಾಸ ಮಾಡಿದೀನಿ." ಅವಳು ನೆಲದ ಮೇಲೆ ಕೂತಳು. "ಇನ್ನೊಬ್ಬರ ಜೊತೆ ಇರೋದೇ ಕಲೀಬೇಕು. ಮೇಡಂ ಅನ್ನೋದು ಬಿಡಿ ಮೊದಲು."

ಬಿಸಿಲು ಕಿಟಕಿಯಿಂದ ಇಳಿದು ಹೋಯಿತು. ಕೋಣೆಗೆ ಕತ್ತಲು ತುಂಬುತ್ತಿರುವಾಗ ಅವನು ಎದ್ದು, ಗೋಡೆ ತಡವಿ, ಸ್ವಿಚ್ಚು ಹುಡುಕತೊಡಗಿದ.

"ಎಲ್ಲಿದೆ?" ಎಂದ.

"ಹುಡುಕಿ, ಅವಸರವಿಲ್ಲ," ಎಂದಳು ಅವಳು, ಕತ್ತಲಲ್ಲಿ ಕೂತಲ್ಲಿಂದಲೇ.