ಸೀತನಿ ಇರೋತನಕ

ಸೀತನಿ ಮುಗಿಯುವವರೆಗೆ ಇರುತ್ತಾಳೆ, ಆಮೇಲೆ? ಬಿಸಿಲು ಏರಿತೆಂದರೆ ಬ್ಯಾಗು ಹೆಗಲಿಗೇರಿಸಿ ನಡೆಯುವವಳೇ ತಾನೆ? ಹಾಗೆ ನಡೆಯುವವಳ ಮೂಗಿಗೆ ಅಂಟಿದ ಮಸಿಯನ್ನು ತಾನೇಕೆ ನೋಡುತ್ತ ಕೂತಿದ್ದೇನೆ?

ಶಿವಯೋಗೀಶ ಮುಖ ತಿರುಗಿಸಿದ. ಕೆಲಗೇರಿ ಆಚೆಗಿನ ಅವರ ಹೊಲದಲ್ಲಿ, ಸಗಣಿ ಕುಳ್ಳಿನ ಕೆಂಡದೊಳಗೆ ಸೀತನಿಗೆಂದು ಎಳೆ ಜೋಳದ ತೆನೆ ಸುಡುತ್ತಿತ್ತು. ಇಲ್ಜೆ ಲಾಟ್ವಿಯಾದ ಹುಡುಗಿ. ಕೃಷಿ ಓದಲು ಧಾರವಾಡಕ್ಕೆ ಬಂದವಳು, ಓದು ಮುಗಿದರೂ ಇವರ ಹೊಲದ ಮನೆಯಲ್ಲೇ ಉಳಿದಿದ್ದಳು. ಅವನ ಅವ್ವ ದಾನವ್ವನ ಬಾಯಲ್ಲಿ ಅವಳು ಯಲ್ಲವ್ವ ಆಗಿ ವರ್ಷ ದಾಟಿತ್ತು.

ದಾನವ್ವ ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಇಲ್ಜೆಯ ಬೊಗಸೆಗೆ ಸುರಿದಳು. "ತಿನ್ನವಾ ಯಲ್ಲವ್ವಾ, ಆರಿದ್ರ ರುಚಿ ಹೋಗತೈತಿ."

ಶಿವಯೋಗೀಶ ತಾನು ತಿಕ್ಕಿದ್ದನ್ನು ತಾಟಿಗೆ ಹಾಕಿ ದೂಡಿದ. "ತಗೋರಿ."

"ತಾಟು ಯಾಕ? ನಾ ಏನ್ ಬೀಗರಾ?"

"ಅತಿಥಿಗೆ ಹಿಂಗ ಕೊಡೂದ್ರಿ."

"ನಿನ್ನ ಹೊಲದ ಹಸಿ ಕಡಲಿ ಕಿತ್ತು, ಅದರ ಹುಳಿಗೆ ನನ್ನ ಬೆರಳು ಇನ್ನಾ ಉರೀತಾವ. ಅತಿಥಿ ಅಂತ ನಾ!"

"ಫೋಟೋ ಹೊಡ್ಕೊಳ್ರಿ. ಹಳ್ಳಿ ಭಾಳ ಛಲೋ ಐತಿ ಅಂತ ನಿಮ್ಮ ಊರವ್ರಿಗೆ ಕಳಿಸ್ರಿ. ಬ್ಯಾಸಗ್ಯಾಗ ಬಾವಿ ಬತ್ತಿದಾಗ ಯಾರೂ ಫೋಟೋ ಹೊಡ್ಯೂದಿಲ್ಲ."

"ಹೋದ ಬ್ಯಾಸಗ್ಯಾಗ ನಿನ್ನ ಜೋಡಿ ನೀರು ಹೊತ್ತಾಕಿ ಯಾರು?"

ಅವನು ಕೆಂಡ ಕೆದರಿದ. ಬೇಕೆಂದೇ ಹೊಗೆ ಅವಳತ್ತ ಹೋಗುವಂತೆ ಕೆದರಿದ.

"ಎಮ್ಮಿಗೆ 'ಬಾ' ಅಂತಿ, ನಾಯಿಗೆ 'ಬಾ' ಅಂತಿ," ಇಲ್ಜೆ ಕಣ್ಣು ಉಜ್ಜಿಕೊಂಡಳು. "ನನಗಷ್ಟ 'ಬರ್ರಿ'. ಗೇಟಿಗೆ ಕೀಲಿ ಹಾಕಿದಂಗ ಆ 'ರಿ' ಹಾಕ್ತಿ."

"ಅದು ಮರ್ಯಾದಿರಿ."

"ಸುಳ್ಳು. ಅದು ಸಿಟ್ಟು."

"ಖರೇನ ಹೇಳ್ತು ನೋಡ ಹುಡುಗಿ," ದಾನವ್ವ ನಕ್ಕಳು.

ಇಲ್ಜೆ ನಗಲಿಲ್ಲ. "ಇಲ್ಲೇ ಉಳಿಯೂ ವೀಸಾಕ್ಕ ಅರ್ಜಿ ಹಾಕಾಕ ನಾಳೆ ಕಡೀ ದಿನ. ನೀ ಒಂದ ಶಬ್ದ ಹೇಳು, ಹಾಕ್ತೇನಿ. 'ರಿ' ಇಲ್ಲದ್ದು ಹೇಳಬೇಕು."

ಹೊಗೆಗೆ ಕೆಂಪಾದ ಆ ಕಣ್ಣು ಅವನನ್ನು ಬಿಡಲಿಲ್ಲ. ಹೇಳಿದ ಮೇಲೂ ಒಂದು ದಿನ ಹೊರಟುಬಿಟ್ಟರೆ?

"ನಿಮ್ಮ ಇಚ್ಛಾರಿ," ಎಂದ.

ಅವಳು ಎದ್ದಳು. ತಾಟನ್ನು ಮುಟ್ಟಲಿಲ್ಲ. ಅವನ ಅಂಗೈ ಬಿಡಿಸಿ, ತನ್ನ ಮುಷ್ಟಿಯಲ್ಲಿ ಉಳಿದ ಕಾಳನ್ನು ಅದಕ್ಕೆ ಸುರಿದಳು. ಇನ್ನೂ ಬೆಚ್ಚಗಿತ್ತು.

"ಬರತೇನ್ರಿ," ಎಂದಳು. ಅವನಿಗೆ ಅವಳು 'ರಿ' ಹಚ್ಚಿದ್ದು ಅದೇ ಮೊದಲು.

ಅವಳು ಬದು ದಾಟಿ ಮರೆಯಾದರೂ ಅವನು ಅಂಗೈ ಮುಚ್ಚಲಿಲ್ಲ.

'ಇರು' ಎಂದು ಅವನು ಹೇಳಲೇ ಇಲ್ಲ.