ಎರಡನೇ ನಂಬರಿಗೆ ಒಂದೇ ವೋಟು

"ಒಂದು," ಎಂದರು ಅಪ್ಪ, ಮೊದಲ ಚೀಟಿ ಬಿಡಿಸಿ. ಎರಡನೆಯ ಚೀಟಿಯಲ್ಲೂ ಒಂದೇ ಇತ್ತು. ಮೂರನೆಯದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಅದೂ ಒಂದೇ ಎಂದರು. ಕೊನೆಯ ಚೀಟಿ ಮಾತ್ರ ಬೇರೆ.

"ಇದು ಎರಡು. ಸರಿ, ಮೂರಕ್ಕೆ ಒಂದು. ನಮ್ಮ ಚೂಟಿ ಹೇಳಿದ ಕಾಟೇಜೇ ಗೆದ್ದಿತು."

ಚೂಟಿ ಎದ್ದು ಕುಣಿಯಬೇಕಿತ್ತು. ಆದರೆ ಬೆಪ್ಪಾಗಿ ಕೂತುಬಿಟ್ಟಳು. ಏಕೆಂದರೆ ಆ ಎರಡು ಬರೆದವಳು ಅವಳೇ!

ರಜೆಗೆ ಬೆಟ್ಟಕ್ಕೆ ಹೋಗಿ ಮರದ ಕಾಟೇಜಿನಲ್ಲಿ ಮೂರು ದಿನ ಇರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಯಾವ ಕಾಟೇಜು ಎಂಬುದಕ್ಕೆ ಮಾತ್ರ ಮೂರು ವಾರದಿಂದ ಜಗಳ. ಒಂದನೇ ನಂಬರ್ ಚೂಟಿ ಆರಿಸಿದ್ದು: ಬೆಟ್ಟದ ತುದಿಯಲ್ಲಿದೆ, ಉಯ್ಯಾಲೆ ಇದೆ, ಗೋಡೆಯಷ್ಟು ದೊಡ್ಡ ಕಿಟಕಿ ಇದೆ. ಎರಡನೇ ನಂಬರ್ ಅಣ್ಣ ಆರಿಸಿದ್ದು, ಕಾಡಿನೊಳಗೆ ತೊರೆಯ ಪಕ್ಕದಲ್ಲಿತ್ತು. ಶತ್ರುವಿನ ಕಾಟೇಜೆಂದು ಚೂಟಿ ಅದರ ಫೋಟೋ ಕೂಡ ಸರಿಯಾಗಿ ನೋಡಿರಲಿಲ್ಲ. ಅಮ್ಮ ಟೈಲರ್. ಇಬ್ಬರ ಕಿತ್ತಾಟ ಕೇಳಿ ಕೇಳಿ ಸಾಕಾಗಿ, ಅಳತೆ ಬರೆಯುವ ಕಾಗದದಲ್ಲಿ ನಾಲ್ಕು ಚೀಟಿ ಕತ್ತರಿಸಿ, ಗುಟ್ಟಾಗಿ ವೋಟ್ ಹಾಕಿ ಎಂದಿದ್ದರು.

ಮತ್ತೆ ಚೂಟಿ ಅಣ್ಣನ ಕಾಟೇಜಿಗೆ ವೋಟ್ ಹಾಕಿದ್ದೇಕೆ? ಅದಕ್ಕೊಂದು ಕಾರಣವಿತ್ತು, ಅದು ಅಷ್ಟೇನೂ ಚೆನ್ನಾಗಿರಲಿಲ್ಲ.

ಅಣ್ಣ ಎಂಟನೇ ಕ್ಲಾಸು. ಅಷ್ಟು ದೊಡ್ಡವನಾದರೂ ಲೈಟ್ ಹಾಕಿಕೊಂಡೇ ಮಲಗುತ್ತಾನೆ. ಚೂಟಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಹೋದ ತಿಂಗಳು ಸ್ಕೂಲ್ ಬಸ್ಸಿನಲ್ಲಿ, ಯಾರಿಗೂ ಹೇಳಬೇಡ ಎಂದು ಹೇಳಿ, ಗೆಳತಿಗೆ ಹೇಳಿಬಿಟ್ಟಿದ್ದಳು. ಗೆಳತಿ ತನ್ನ ಅಣ್ಣನಿಗೆ ಹೇಳಿದಳು. ಅವನೂ ಎಂಟನೇ ಕ್ಲಾಸೇ. ಒಂದು ವಾರದಲ್ಲಿ ಇಡೀ ಕ್ಲಾಸು ಚೂಟಿಯ ಅಣ್ಣನನ್ನು ಬಲ್ಬು ಎಂದು ಕರೆಯತೊಡಗಿತು. ಅಣ್ಣ ಮನೆಗೆ ಬಂದು ಬ್ಯಾಗ್ ಎಸೆದು, ಯಾರೊಂದಿಗೂ ಮಾತಾಡದೆ ಕೂರುತ್ತಿದ್ದ. ಹೇಳಿದ್ದು ಯಾರೆಂದು ಅವನಿಗೆ ಗೊತ್ತಿಲ್ಲ ಎಂದೇ ಚೂಟಿ ನಂಬಿದ್ದಳು. ಅವನ ಕಾಟೇಜು ಗೆದ್ದರೆ ತನ್ನ ತಪ್ಪು ಅರ್ಧವಾದರೂ ಕಳೆದೀತು ಎಂದು ಲೆಕ್ಕ ಹಾಕಿದ್ದಳು.

ಈಗ ಲೆಕ್ಕವೇ ತಲೆಕೆಳಗಾಗಿತ್ತು. ಅಪ್ಪ ಎಣಿಸುವಾಗ ಏನಾದರೂ ಆಟ ಆಡಿದರೇ? ಯಾರೂ ನೋಡದಾಗ ಅವಳು ಕಸದ ಬುಟ್ಟಿಯಿಂದ ಚೀಟಿಗಳನ್ನು ಹೆಕ್ಕಿದಳು. ಒಂದು ಉದ್ದುದ್ದ ಮಡಚಿದ್ದು. ಅದು ಅಪ್ಪನದು, ಅಪ್ಪ ಬಸ್ ಕಂಡಕ್ಟರ್, ನೋಟುಗಳನ್ನು ಬೆರಳ ಸಂದಿಯಲ್ಲಿ ಹಾಗೆಯೇ ಸಿಕ್ಕಿಸಿಕೊಳ್ಳುತ್ತಾರೆ. ಇನ್ನೊಂದನ್ನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದಿತ್ತು. ಅದು ಅಮ್ಮನದು. ಮೂರನೆಯದನ್ನು ಮಡಚಿ ಮಡಚಿ ಕಡಲೆಕಾಳಿನಷ್ಟು ಮಾಡಿದ್ದ ಗುರುತಿತ್ತು. ಅದರಲ್ಲಿ ಕಂಡೂ ಕಾಣದಂತೆ 'ಒಂದು' ಎಂದಿತ್ತು. ಅಕ್ಷರ ಅಣ್ಣನದೇ.

ಅಣ್ಣ ತನ್ನ ಕಾಟೇಜನ್ನು ತಾನೇ ಸೋಲಿಸಿದ್ದ!

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಚೂಟಿಯದೂ ಅದೇ ಪಾಡು. ಅವನಿಗೆ ಎಲ್ಲ ಗೊತ್ತಾಗಿದೆ, ಸೇಡು ತೀರಿಸಿಕೊಳ್ಳಲು ಏನೋ ಮಸಲತ್ತು ಮಾಡಿದ್ದಾನೆ ಎನ್ನಿಸಿತು. ನಿನ್ನೆ ಕೇಳದೆಯೇ ಒಂದು ಬಿಸ್ಕತ್ತು ಬೇರೆ ಕೊಟ್ಟಿದ್ದ. ಅವಳು ಅದನ್ನು ಮೂಸಿ ನೋಡಿ ತಿಂದಿದ್ದಳು.

ಹಾಗಾದರೆ ಒಂದನೇ ನಂಬರಿನಲ್ಲೇ ಏನೋ ಐಬಿರಬೇಕು. ಅಮ್ಮನ ಫೋನ್ ತೆಗೆದುಕೊಂಡು ಅಲ್ಲಿ ಉಳಿದು ಬಂದವರು ಬರೆದದ್ದನ್ನೆಲ್ಲ ಓದಿದಳು. ಹಾವಿದೆ ಎಂದು ಯಾರೂ ಬರೆದಿರಲಿಲ್ಲ. ಸೂರು ಸೋರುತ್ತದೆ ಎಂದೂ ಇಲ್ಲ. ಬಿಸಿನೀರು ಬರುತ್ತದೆ, ಯಜಮಾನರು ಒಳ್ಳೆಯವರು ಎಂದೇ ಎಲ್ಲರೂ ಹೊಗಳಿದ್ದರು. ಅವಳ ಅನುಮಾನ ಇನ್ನೂ ಹೆಚ್ಚಾಯಿತು.

ಕೊನೆಗೆ ಎರಡನೇ ನಂಬರ್ ತೆರೆದಳು. 'ಇಲ್ಲಿ ಕರೆಂಟ್ ಇಲ್ಲ. ಸಂಜೆಗೆ ಎರಡು ಲಾಟೀನು ಕೊಡುತ್ತೇವೆ. ಒಂಬತ್ತು ಗಂಟೆಗೆ ಅವನ್ನೂ ಆರಿಸಬೇಕು. ನಿಜವಾದ ಕತ್ತಲು ಹೇಗಿರುತ್ತದೆ, ಬಂದು ನೋಡಿ!'

ಚೂಟಿ ಅದನ್ನು ಎರಡು ಸಲ ಓದಿದಳು. ಲೈಟ್ ಇಲ್ಲದೆ ಮಲಗದವನು ಇದನ್ನೇಕೆ ಬೇಕೆಂದ?

ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಅಣ್ಣನ ಕ್ಲಾಸಿನ ಮೂವರು ಚೆಂಡು ಹಿಡಿದು ಬಂದಿದ್ದರು, ಗೆಳತಿಯ ಅಣ್ಣನೂ ಇದ್ದ. ಅಪ್ಪ ನಡುಮನೆಯಲ್ಲಿ ಕೂತು ಕಾಟೇಜ್ ಬುಕ್ ಮಾಡುತ್ತಿದ್ದರು.

"ಏನೋ ಬಲ್ಬು, ಕರೆಂಟ್ ಇಲ್ಲದ ಕಾಟೇಜಿಗೆ ಹೋಗಿ ತೋರಿಸ್ತೀನಿ ಅಂದಿದ್ದೆ. ಬುಕ್ ಆಯ್ತಾ?" ಎಂದ ಗೆಳತಿಯ ಅಣ್ಣ.

ಅಣ್ಣ ಚೆಂಡು ಕಿತ್ತುಕೊಂಡು ನೆಲಕ್ಕೆ ಕುಟ್ಟಿದ. "ನಾನು ಅದಕ್ಕೇ ವೋಟ್ ಹಾಕ್ದೆ. ಮನೇಲಿ ಎಲ್ಲ ಸೇರಿ ಸೋಲಿಸಿಬಿಟ್ರು."

ಅವರಿಗೆ ನಂಬಿಕೆ ಬರಲಿಲ್ಲ. ಗೆಳತಿಯ ಅಣ್ಣ ಚೂಟಿಯ ಕಡೆ ತಿರುಗಿ, "ನಿಜಾನೇನೇ?" ಎಂದು ಕೇಳಿದ.

ಅಣ್ಣನ ಚೀಟಿ ಇನ್ನೂ ಚೂಟಿಯ ಮುಷ್ಟಿಯಲ್ಲಿತ್ತು. ಅವಳು ಅದನ್ನು ಬೆವರು ಬರುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಜ. ಎರಡಕ್ಕೆ ಒಂದೇ ವೋಟ್ ಬಂತು. ಅದು ಅಣ್ಣಂದೇ."

ಚೆಂಡು ಕುಟ್ಟುವುದು ನಿಂತಿತು. ಅಣ್ಣ ಅವಳತ್ತ ನೋಡಿದ. ಆ ಎರಡು ಯಾರದೆಂದು ಅವನಿಗೂ ಈಗ ಅನುಮಾನ ಬಂದಿರಬೇಕು.

ಅಪ್ಪ ಫೋನಿನಿಂದ ತಲೆಯೆತ್ತದೆ, ಏನಾದರೂ ವಿಶೇಷವಾಗಿ ಬೇಕಿದ್ದರೆ ಬರೆಯಿರಿ ಎಂದು ಕಾಟೇಜಿನವರು ಕೇಳುತ್ತಿದ್ದಾರೆ, ಏನು ಬರೆಯಲಿ ಎಂದರು. ಅಣ್ಣನ ಕಣ್ಣು ಸರ್ರನೆ ಫೋನಿನ ಮೇಲೆ ಹೋಯಿತು. ಬಾಯಿ ತೆರೆದ. ಗೆಳೆಯರನ್ನು ನೋಡಿ ಮುಚ್ಚಿಕೊಂಡ.

"ಅಪ್ಪಾ, ನಾವು ಮಲಗೋ ರೂಮಲ್ಲಿ ರಾತ್ರಿಯೆಲ್ಲ ಉರಿಯೋ ಸಣ್ಣ ಲೈಟ್ ಬೇಕು ಅಂತ ಬರಿ," ಎಂದಳು ಚೂಟಿ. "ನಂಗೆ ಕತ್ತಲು ಅಂದ್ರೆ ಭಯ."

ಮೂವರೂ ಬಿದ್ದು ಬಿದ್ದು ನಕ್ಕರು. ಅಣ್ಣ ಬಲ್ಬು, ತಂಗಿ ಜೀರೋ ಬಲ್ಬು ಎಂದು ಒಬ್ಬ ರಾಗ ಎಳೆದ. ಚೂಟಿಯ ಕಿವಿ ಬಿಸಿಯಾಯಿತು. ಇದನ್ನು ಅಣ್ಣ ದಿನಾ ಅನುಭವಿಸಿದ್ದನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅಮ್ಮ ಹೊಲಿಗೆ ಮಿಷನ್ ನಿಲ್ಲಿಸಿ ಅವಳನ್ನು ನೋಡಿದರು, ಅಣ್ಣನನ್ನು ನೋಡಿದರು, ಮತ್ತೆ ತುಳಿಯತೊಡಗಿದರು.

"ಅವಳನ್ನ ಹಾಗೆಲ್ಲ ಅನ್ಬೇಡಿ. ನಡೀರಿ ಆಡೋಣ," ಎಂದು ಅಣ್ಣ ಅವರನ್ನು ಹೊರಗೆ ದಬ್ಬಿದ. ತಾನು ಮೆಟ್ಟಿಲ ಮೇಲೆ ನಿಂತ. "ಏನೇ, ನೀನೂ ಬರ್ತೀಯಾ?"

ಅವನು ಹಾಗೆ ಕರೆದದ್ದು ಅದೇ ಮೊದಲು. ಬಸ್ಸಿನಲ್ಲಿ ಹೇಳಿದ್ದು ಯಾರೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಚೂಟಿಗೆ ತಿಳಿಯಲಿಲ್ಲ. ಆಟ ಮುಗಿಸಿ ಬರುವಾಗ ದಾರಿಯಲ್ಲಿ ತಾನೇ ಹೇಳಿಬಿಡಬೇಕು ಎಂದುಕೊಂಡು ಅವಳು ಚಪ್ಪಲಿ ಹಾಕಿಕೊಂಡಳು.