ಒಟ್ಟು ಇಪ್ಪತ್ತೇಳು

ಸೀಮೆಸುಣ್ಣ ಪಟ್ಟನೆ ಮುರಿಯಿತು. ಮುರಿಯುವುದಕ್ಕೂ ಇವತ್ತೇ ಬೇಕಿತ್ತೆ ಅದಕ್ಕೆ!

ಐದನೇ ಕ್ಲಾಸಿನ ಬಾಗಿಲ ಪಕ್ಕ ಒಂದು ಪುಟ್ಟ ಕಪ್ಪು ಹಲಗೆ ಇದೆ. ದಿನಾ ಬೆಳಿಗ್ಗೆ ಅದರ ಮೇಲೆ ಎರಡು ಸಾಲು ಬರೆಯುವುದು ಲೀಡರ್ ಕೆಲಸ. ಮೇಲೆ ‘ಒಟ್ಟು’, ಕೆಳಗೆ ‘ಹಾಜರು’.

ಲೀಡರ್ ಎಂದರೆ ಹತ್ತು ವರ್ಷದ ಹುಡುಗಿ. ಅವಳ ನಿಜವಾದ ಹೆಸರು ಈಗ ರಿಜಿಸ್ಟರಿಗೆ ಮಾತ್ರ ಗೊತ್ತು. ಮನೆಯಲ್ಲಿ ತಾತ ಕೂಡ, “ಲೀಡರಮ್ಮಾ, ನನ್ನ ಕನ್ನಡಕ ಎಲ್ಲಿದೆ ನೋಡು” ಎನ್ನುತ್ತಾರೆ. ಹಾಗೆಂದಾಗಲೆಲ್ಲ ಅವಳು ಒಂದು ಇಂಚು ಉದ್ದವಾಗುತ್ತಾಳೆ.

ಮುರಿದ ತುಂಡಿನಲ್ಲೇ ಅವಳು ‘ಹಾಜರು 27’ ಎಂದು ಬರೆದಳು. ಮೇಲೆ ‘ಒಟ್ಟು 28’ ಎಂದು ಬರೆಯಬೇಕು. ಬರೆದರೆ, ಬರದೇ ಇರುವವರು ಯಾರು ಅಂತ ಯಾರಾದರೂ ಕೇಳುತ್ತಾರೆ. ಅವಳು ಹಿಂದೆ ಮುಂದೆ ನೋಡಿದಳು. ಮೇಲೂ 27 ಎಂದೇ ಬರೆದುಬಿಟ್ಟಳು.

ನೋಡಲು ಚೆನ್ನಾಗಿಯೇ ಇತ್ತು.

ನಿನ್ನೆ ಕೊನೆಯ ಪೀರಿಯಡ್‌ನಲ್ಲಿ ಮಿಸ್ ಹೇಳಿದ್ದರು: “ನಾಳೆ ಆಫೀಸಿಂದ ಒಬ್ಬರು ಮೇಡಂ ಬರ್ತಾರೆ. ಪ್ರತಿಯೊಬ್ಬರ ಕೈಲೂ ಓದಿಸಿ ಮಾರ್ಕ್ಸ್ ಹಾಕ್ತಾರೆ. ಚೆನ್ನಾಗಿ ಓದಬೇಕು, ಗೊತ್ತಾಯ್ತಾ?”

ಹೋದ ವರ್ಷ ಈ ಕ್ಲಾಸಿಗೇ ಎಲ್ಲಕ್ಕಿಂತ ಕಡಿಮೆ ಮಾರ್ಕ್ಸ್ ಬಂದಿತ್ತು. ಪಕ್ಕದ ಕ್ಲಾಸಿನವರು ವರ್ಷವೆಲ್ಲ ರೇಗಿಸಿದ್ದರು.

“ಹೊಸಬಳು ಓದೋಕೆ ನಿಂತ್ರೆ ಈ ಸಲಾನೂ ಮುಗೀತು ನಮ್ಮ ಕತೆ,” ಎಂದಿದ್ದ ಹಿಂದಿನ ಬೆಂಚಿನವನೊಬ್ಬ, ಮಿಸ್ ಆಚೆ ಹೋದ ಮೇಲೆ. “ಒಂದು ಸಾಲಿಗೆ ಒಂದು ಪೀರಿಯಡ್ ಬೇಕು ಅವಳಿಗೆ!”

ಎಲ್ಲರೂ ನಕ್ಕರು. ಲೀಡರ್ ಕೂಡ ನಕ್ಕಳು.

ಹೊಸಬಳು ಬಂದು ಆರು ತಿಂಗಳಾಗಿದ್ದರೂ ಇನ್ನೂ ಹೊಸಬಳೇ. ಹಿಂದಿನ ಬೀದಿಯ ಕೊನೆಯಲ್ಲಿ ಮೂರು ಮಹಡಿಯ ಕಟ್ಟಡ ಏಳುತ್ತಿದೆಯಲ್ಲ, ಅಲ್ಲಿ ಅವಳ ಅಪ್ಪ ಟೈಲ್ಸ್ ಹಾಕುತ್ತಾರೆ, ಅಮ್ಮ ಸಿಮೆಂಟ್ ಕಲಸುತ್ತಾರೆ. ಬಾಗಿಲು ಕಿಟಕಿ ಇಲ್ಲದ ಕೆಳಗಿನ ಕೋಣೆಯೇ ಅವರ ಮನೆ. ಮನೆಯಲ್ಲಿ ಆಡುವ ಭಾಷೆಯೇ ಬೇರೆ. ಆದರೆ ಅವಳು ಒಂದು ದಿನವೂ ಸ್ಕೂಲ್ ತಪ್ಪಿಸಿದವಳಲ್ಲ. ದಿನಾ ಬೆಳಿಗ್ಗೆ ಬಾಗಿಲ ಹತ್ತಿರ ಸುಮ್ಮನೆ ಸ್ವಲ್ಪ ಹೊತ್ತು ನಿಲ್ಲುವಳು. “ಏಯ್, ದಾರಿ ಬಿಡು,” ಎಂದು ಲೀಡರ್ ಗದರುವಳು.

ನಿನ್ನೆ ಸಂಜೆ ಗೇಟಿನ ಹತ್ತಿರ ಲೀಡರ್ ಅವಳನ್ನು ನಿಲ್ಲಿಸಿದ್ದಳು.

“ನಾಳೆ ಸ್ಕೂಲ್ ರಜೆ.”

“ರಜೆ?”

“ಹೂಂ. ಮಿಸ್ ಹೇಳಿದ್ರಲ್ಲ, ನಿಂಗೆ ಅರ್ಥ ಆಗ್ಲಿಲ್ವಾ?”

ಹೊಸಬಳು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ನಕ್ಕು, “ಥ್ಯಾಂಕ್ಸ್,” ಎಂದಳು.

ಆ ಥ್ಯಾಂಕ್ಸ್ ರಾತ್ರಿ ಊಟ ಮಾಡುವಾಗಲೂ ಲೀಡರ್ ಕಿವಿಯಲ್ಲೇ ಇತ್ತು.

ಮೇಡಂ ಹತ್ತು ಗಂಟೆಗೆ ಬಂದರು. ಒಬ್ಬೊಬ್ಬರನ್ನೇ ಕರೆದು ಓದಿಸಿದರು. ಲೀಡರ್ ಉಸಿರು ಬಿಡದೆ ಗಡಗಡ ಓದಿದಳು. ಎಲ್ಲರೂ ಪರವಾಗಿಲ್ಲ ಎನ್ನುವ ಹಾಗೆ ಓದಿದರು. ಕೊನೆಗೆ ಮೇಡಂ ರಿಜಿಸ್ಟರ್ ತೆಗೆದರು, ಬಾಗಿಲ ಕಡೆ ತಿರುಗಿ ಹಲಗೆ ನೋಡಿದರು.

“ರಿಜಿಸ್ಟರಲ್ಲಿ ಇಪ್ಪತ್ತೆಂಟು ಹೆಸರಿದೆ. ಅಲ್ಲಿ ಇಪ್ಪತ್ತೇಳು ಅಂತಿದೆಯಲ್ಲ?”

“ಲೀಡರ್, ಏನಮ್ಮ ಇದು?” ಎಂದರು ಮಿಸ್.

“ಮರ್ತು ಬರ್ದೆ ಮಿಸ್.” ಇದು ಮೂರನೆಯ ಸುಳ್ಳು.

“ಹೋಗ್ಲಿ ಬಿಡಿ. ಬರದೇ ಇರೋದು ಯಾರು?” ಎಂದು ಮೇಡಂ ಕೇಳಿದರು.

“ಒಬ್ಬಳು ಹುಡುಗಿ ಮೇಡಂ. ಮನೇಲಿ ಬೇರೆ ಭಾಷೆ ಆಡ್ತಾರೆ. ಯಾವತ್ತೂ ತಪ್ಪಿಸೋಳಲ್ಲ, ಇವತ್ತು ಯಾಕೋ ಬಂದಿಲ್ಲ,” ಎಂದರು ಮಿಸ್.

ಮೇಡಂ ಪೆನ್ನು ಕೆಳಗಿಟ್ಟರು. “ಅಯ್ಯೋ, ನಾನು ಮುಖ್ಯವಾಗಿ ನೋಡಬೇಕಾಗಿದ್ದೇ ಅಂಥ ಮಕ್ಕಳನ್ನ. ಅವರಿಗೆ ಓದು ಕಲಿಸೋಕೆ ವಾರಕ್ಕೆ ಎರಡು ದಿನ ಬೇರೆ ಟೀಚರನ್ನೇ ಕಳಿಸ್ತೀವಿ. ಆದರೆ ಓದಿಸಿ ನೋಡದೆ ಹೆಸರು ಬರೆಯೋ ಹಾಗಿಲ್ಲ.”

“ಇನ್ನೊಂದು ದಿನ ಬರೋಕಾಗುತ್ತಾ?” ಎಂದು ಮಿಸ್ ಕೇಳಿದರು.

“ಇನ್ನು ಮುಂದಿನ ವರ್ಷಾನೇ.”

ಮೇಡಂ ಹಾಳೆಯಲ್ಲಿ ‘ಮನೆಭಾಷೆ ಬೇರೆ ಇರುವ ಮಕ್ಕಳು’ ಎಂಬ ಕಡೆ ಒಂದು ಸೊನ್ನೆ ಸುತ್ತಿದರು. ಮೊದಲ ಬೆಂಚಿನಲ್ಲಿದ್ದ ಲೀಡರ್‌ಗೆ ಅದು ಚೆನ್ನಾಗಿ ಕಾಣಿಸಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಸೊನ್ನೆ ಹಾಗೇ ಉಳಿದುಬಿಡುತ್ತದೆ.

ಅವಳು ಎದ್ದು ನಿಂತಳು.

“ಮಿಸ್, ಅವಳಿಗೆ ಇವತ್ತು ರಜೆ ಅಂತ ನಾನೇ ಹೇಳ್ದೆ. ನಮ್ಮ ಕ್ಲಾಸಿಗೆ ಮಾರ್ಕ್ಸ್ ಕಡಿಮೆ ಆಗುತ್ತೆ ಅಂತ.”

ಇಪ್ಪತ್ತಾರು ಜನರೂ ಅವಳನ್ನೇ ನೋಡುತ್ತಿದ್ದರು. ನಿಂತ ಕಡೆಯೇ ನೆಲ ಬಾಯ್ಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು ಅವಳಿಗೆ. ಮಿಸ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

“ಗೇಟಿನ ಅಜ್ಜನ ಜೊತೆ ಹೋಗಿ ಅವಳನ್ನ ಕರ್ಕೊಂಡು ಬಾ,” ಎಂದರು ಅಷ್ಟೆ. ಮೇಡಂ ಗಡಿಯಾರ ನೋಡಿ, “ಹನ್ನೆರಡರವರೆಗೆ ಇರ್ತೀನಿ,” ಎಂದರು.

ಗೇಟು ಕಾಯುವ ಅಜ್ಜನಿಗೆ ಇದೇನೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಹೊಗಳಿದ್ದೇ ಹೊಗಳಿದ್ದು. “ಲೀಡರ್ ಅಂದ್ರೆ ಹೀಗಿರಬೇಕು ನೋಡು ಮರಿ. ಸ್ಕೂಲಿಗೆ ಬರದೇ ಇರೋರನ್ನ ಮನೆಗೇ ಹೋಗಿ ಕರ್ಕೊಂಡು ಬರ್ತೀಯ! ನಮ್ಮ ಕಾಲದಲ್ಲಿ ಯಾರಿದ್ರು ಹಿಂಗೆ?” ಲೀಡರ್ ತಲೆ ತಗ್ಗಿಸಿಕೊಂಡೇ ನಡೆದಳು.

ಕಟ್ಟಡದ ತುಂಬ ಬಿಳಿ ಧೂಳು. ಅಜ್ಜ ಹೊರಗೇ ನಿಂತರು. ಒಳಗೆ ಹೊಸಬಳ ಅಪ್ಪ ಮೊಣಕಾಲೂರಿ ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದರು. ಎರಡು ಟೈಲ್ಸ್ ನಡುವೆ ಇಡುವ ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಹೊಸಬಳು ಒಂದೊಂದಾಗಿ ಕೊಡುತ್ತಿದ್ದಳು. ಮೈಮೇಲೆ ಸ್ಕೂಲ್ ಯೂನಿಫಾರ್ಮ್ ಇತ್ತು.

“ಇವತ್ತು ಯಾಕೆ ಯೂನಿಫಾರ್ಮ್ ಹಾಕ್ಕೊಂಡಿದೀಯ?” ಲೀಡರ್ ಬಾಯಿಂದ ಮೊದಲು ಬಂದಿದ್ದು ಇದೇ.

“ಬೆಲ್ ಕೇಳ್ತು. ಬೇಗ ಬೇಗ ಹಾಕ್ಕೊಂಡೆ.” ಅವಳು ಪದ ಹುಡುಕುತ್ತ ಹುಡುಕುತ್ತ ಹೇಳಿದಳು. “ಆಮೇಲೆ ನೆನಪಾಯ್ತು. ನೀನು ರಜೆ ಅಂದಿದೀಯ. ಅದಕ್ಕೆ ಕೂತ್ಕೊಂಡೆ.”

ಬೆಲ್ಲಿಗಿಂತ ತನ್ನ ಮಾತನ್ನೇ ನಂಬಿದ್ದಳು ಇವಳು!

“ರಜೆ ಇಲ್ಲ. ನಾನು ಸುಳ್ಳು ಹೇಳ್ದೆ. ನೀನು ಓದಿದ್ರೆ ನಮ್ಮ ಕ್ಲಾಸಿಗೆ ಮಾರ್ಕ್ಸ್ ಕಡಿಮೆಯಾಗುತ್ತೆ ಅಂತ. ತಪ್ಪಾಯ್ತು. ಬಾ, ಮೇಡಂ ಕಾಯ್ತಿದಾರೆ.”

ಹೊಸಬಳು ಅವಳನ್ನೇ ನೋಡಿದಳು. ಕೈಯಲ್ಲಿದ್ದ ತುಂಡುಗಳನ್ನು ಅಪ್ಪನ ಪಕ್ಕ ಇಟ್ಟಳು. ಅಷ್ಟರಲ್ಲಿ ಅವಳ ಅಮ್ಮ ಸಿಮೆಂಟ್ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು ತಮ್ಮ ಭಾಷೆಯಲ್ಲಿ ಏನೋ ಕೇಳಿದರು. ಹೊಸಬಳು ಏನೋ ಹೇಳಿದಳು. ಈಗ ಬೈಗುಳ ಬೀಳುತ್ತದೆ ಎಂದು ಲೀಡರ್ ಕಣ್ಣು ಮುಚ್ಚಿಕೊಂಡಳು.

ಬೈಗುಳ ಬೀಳಲಿಲ್ಲ. ಕಣ್ಣು ಬಿಟ್ಟರೆ ಆ ಅಮ್ಮನ ಮುಖದ ತುಂಬ ನಗು. ಒಳಗೆ ಹೋಗಿ, ಲೋಟ ಎರಡೆರಡು ಸಲ ತೊಳೆದು, ನೀರು ತಂದು ಲೀಡರ್ ಕೈಗೆ ಕೊಟ್ಟರು. ಲೀಡರ್ ಆ ಮುಖ ನೋಡದೆಯೇ ನೀರು ಕುಡಿದಳು.

ವಾಪಸ್ ಬರುವಾಗ ಅವಳು ಮೆಲ್ಲಗೆ ಕೇಳಿದಳು: “ನಿಮ್ಮಮ್ಮನಿಗೆ ಏನು ಹೇಳ್ದೆ?”

“ಫ್ರೆಂಡ್ ಬಂದಿದಾಳೆ, ಕರ್ಕೊಂಡು ಹೋಗೋಕೆ ಅಂತ.” ಹೊಸಬಳು ರಸ್ತೆಯನ್ನೇ ನೋಡುತ್ತಿದ್ದಳು. “ನಿಜ ಹೇಳಿದ್ರೆ ಅಮ್ಮ ಅಳ್ತಾರೆ.”

ಆಮೇಲೆ ಸ್ಕೂಲಿನವರೆಗೂ ಮಾತಾಡಿದ್ದು ಅಜ್ಜ ಒಬ್ಬರೇ.

ಕ್ಲಾಸಿನ ಬಾಗಿಲ ಹತ್ತಿರ ಹೊಸಬಳು ನಿಂತಳು, ದಿನಾ ನಿಲ್ಲುವ ಜಾಗದಲ್ಲೇ. ಅವಳ ಕಣ್ಣು ಹಲಗೆಯ ಮೇಲಿತ್ತು. ಬೆರಳಿಟ್ಟು ಮೇಲಿನ ಸಾಲನ್ನು ಮೆಲ್ಲಗೆ ಓದಿದಳು: “ಒಟ್ಟು... ಇಪ್ಪತ್ತೇಳು.”

ದಿನಾ ಬೆಳಿಗ್ಗೆ ಇವಳು ಸುಮ್ಮನೆ ನಿಲ್ಲುತ್ತಿರಲಿಲ್ಲ, ತಾನು ಬರೆದದ್ದನ್ನು ಓದುತ್ತಿದ್ದಳು ಎಂದು ಲೀಡರ್‌ಗೆ ಆಗ ಗೊತ್ತಾಯಿತು.

ಡಸ್ಟರ್ ಒಳಗಿತ್ತು. ಲೀಡರ್ ಅಂಗೈಯಿಂದಲೇ ಎರಡೂ ಸಾಲು ಒರೆಸಿದಳು. ಮುರಿದ ಸೀಮೆಸುಣ್ಣ ಎತ್ತಿಕೊಂಡು ‘ಒಟ್ಟು 28’ ಎಂದು ಬರೆದಳು. ಕೆಳಗೆ ‘ಹಾಜರು 28’ ಎಂದು ಬರೆದಳು. ಎಂಟು ಸ್ವಲ್ಪ ಸೊಟ್ಟಗಾಯಿತು.

ಹೊಸಬಳು ಎರಡು ಸಾಲನ್ನೂ ಕೊನೆಯವರೆಗೆ ಓದಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದಳು.